ನಾಕ್ಸೋಸಿಗೆ ಹೊರಡುವ ಮುಂಚೆ

ಮಾರ್ಚ್ 2, ಭಾನುವಾರ

ಷಡ್ಡಕನ ಮೂಗು ಮುರಿಯಬೇಕೆಂಬ ಆಸೆ ನನಗೆ ಇವತ್ತು ಹುಟ್ಟಿದ್ದಲ್ಲ. ಅವನ ಮದುವೆಯ ಮಂಟಪದಲ್ಲೇ ಹುಟ್ಟಿತ್ತು. ಇವತ್ತು ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಸರಟೋಗಾದ ಅವನ ಮನೆಯಲ್ಲಿ ಊಟಕ್ಕೆ ಕೂತಾಗ ಅದು ಕೈಯವರೆಗೂ ಬಂತು. ಚಮಚ ಬಿಗಿಯಾಗಿ ಹಿಡಿದುಕೊಂಡೆ.

ಜೂನ್ ಕೊನೆಯಲ್ಲಿ ಎರಡೂ ಮನೆಯವರು ಸೇರಿ ಗ್ರೀಸಿನ ಯಾವುದಾದರೂ ದ್ವೀಪದಲ್ಲಿ ಒಂದು ವಾರ ಇರೋಣ ಎಂದು ಜನವರಿಯಲ್ಲಿ ಹೇಳಿದವನು ನಾನು. ಅತ್ತೆ ಬಂಗಾರೆವ್ವ ಅದಕ್ಕೆಂದೇ ಬೆಂಗಳೂರಿನಲ್ಲಿ ಗ್ರೀಸಿನ ವೀಸಾ ಮಾಡಿಸಿಕೊಂಡು ಧಾರವಾಡದಿಂದ ಇಲ್ಲಿಗೆ ಬಂದಿದ್ದಾರೆ. ಈಗ ಊಟ ಮುಗಿಯುವಷ್ಟರಲ್ಲಿ ಅದು ಅನಿಕೇತನ ಯೋಚನೆಯಾಗಿಬಿಟ್ಟಿತ್ತು. ಅವನು ನನ್ನ ನಾದಿನಿ ಕಾವ್ಯಾಳ ಗಂಡ, ಬೆಂಗಳೂರಿನವನು, ನನಗಿಂತ ಕಿರಿಯ. ಆದರೂ ಬಾಯಿ ತುಂಬ ‘ಕಿರಣ್’ ಅನ್ನುತ್ತಾನೆ.

“ನೋಡಿ ಕಿರಣ್, ಸ್ಯಾಂಟೊರಿನಿ ಬಿಟ್ಟು ಬೇರೆ ಕಡೆ ಹೋದ್ರೆ ಗ್ರೀಸಿಗೆ ಹೋಗಿದ್ದೂ ಒಂದೇ, ಇಲ್ಲೇ ಪಕ್ಕದ ಸ್ಯಾಂಟಾ ಕ್ರೂಜಿಗೆ ಹೋಗಿದ್ದೂ ಒಂದೇ” ಎಂದ. ಅತ್ತೆಯ ಮೊಣಕಾಲು ಅಲ್ಲಿನ ನೂರಾರು ಮೆಟ್ಟಿಲುಗಳನ್ನು ಹತ್ತುತ್ತದೆಯೇ ಎಂದು ಕೇಳಿದೆ. “ಕತ್ತೆ ಇರತ್ತಂತೆ” ಎಂದು ನಕ್ಕ. ಎಲ್ಲರೂ ನಕ್ಕರು. ನನ್ನ ಹೆಂಡತಿ ಶಿವಾನಿಯೂ ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು.

ವಾಪಸ್ ಬರುವಾಗ 280 ಹೆದ್ದಾರಿಯಲ್ಲಿ ಒಬ್ಬ ಸಿಗ್ನಲ್ ಹಾಕದೆ ನನ್ನ ಲೇನಿಗೆ ನುಗ್ಗಿದ. ಅಂಥವರನ್ನು ಬಿಡಬಾರದು. ಅವನ ಬಂಪರಿಗೆ ಅಂಟಿಕೊಂಡೇ ಹೋದೆ, ಪಕ್ಕಕ್ಕೆ ಬಂದು ಅವನನ್ನು ರಸ್ತೆಯಂಚಿನವರೆಗೂ ಒತ್ತಿದೆ, ಕಿಟಕಿ ಇಳಿಸಿ ಸ್ಟೀಲಿನ ನೀರಿನ ಬಾಟಲಿ ಬೀಸಿದೆ. ಅವನ ಗಾಜು ಒಡೆದ ಸದ್ದು ಕೇಳಿ ಎದೆ ಹಗುರವಾಯಿತು. “ರೀ, ಸಾವಕಾಶ ಹೋಗ್ರಿ, ಕೈ ಮುಗೀತೀನಿ” ಎಂದು ಶಿವಾನಿ ಅತ್ತಳು. ಹಿಂದಿನ ಸೀಟಿನಲ್ಲಿ ನಮ್ಮ ಮಗಳು ನೀಲು ವಾಂತಿ ಮಾಡಿಕೊಂಡಳು. ಒಂಬತ್ತು ವರ್ಷದ ಹುಡುಗಿ, ಕಾರಿನಲ್ಲಿ ಪುಸ್ತಕ ಓದಬೇಡ ಎಂದು ಎಷ್ಟು ಸಲ ಹೇಳಿದ್ದೇನೆ.

ನಾನು ಸಿಟ್ಟಿನ ಮನುಷ್ಯನಲ್ಲ. ಅನ್ಯಾಯ ಕಂಡರೆ ಆಗುವುದಿಲ್ಲ, ಅಷ್ಟೇ.

ಮಾರ್ಚ್ 8, ಶನಿವಾರ

ದ್ವೀಪ ತೀರ್ಮಾನವಾಯಿತು: ನಾಕ್ಸೋಸ್. ಸಮತಟ್ಟಾದ ಮರಳು, ಆಳವಿಲ್ಲದ ನೀರು. ಆಲೂಗಡ್ಡೆಗೆ ಹೆಸರಾದ ಊರಂತೆ, ಅಂದರೆ ಮಾಂಸ ಮುಟ್ಟದ ನಾವು ಅಲ್ಲಿ ಉಪವಾಸ ಬೀಳುವುದಿಲ್ಲ. ಅಥೆನ್ಸಿನಿಂದ ಹಡಗು. ಬೆಳಿಗ್ಗೆಯಿಂದ ಕೂತು ಏಳೂ ದಿನದ ವೇಳಾಪಟ್ಟಿ ಮಾಡಿದೆ. ಆಫೀಸಿನಲ್ಲಿ ನಾನು ಮಾಡುವುದೂ ಇದನ್ನೇ: ಯಾರು, ಯಾವಾಗ, ಎಲ್ಲಿರಬೇಕು. ಜನರಿಗೆ ಬಿಟ್ಟರೆ ಏನೂ ಆಗುವುದಿಲ್ಲ.

ಅತ್ತೆ ಈ ವಾರ ನಮ್ಮ ಮನೆಯಲ್ಲಿದ್ದಾರೆ. ಹಳೇ ಕಾಲದವರು. ಅಳಿಯನ ಎದುರು ತಲೆಯ ಮೇಲಿನ ಸೆರಗು ಜಾರಬಾರದು, ಅಳಿಯನ ಜೊತೆ ನೇರವಾಗಿ ಮಾತಾಡಬಾರದು. ನನ್ನ ಮದುವೆಯಾದಾಗಿನಿಂದ ಅವರು ನನ್ನ ಜೊತೆ ಒಂದು ಮಾತನ್ನೂ ಎದುರೆದುರು ಆಡಿಲ್ಲ. ಫ್ರಿಜ್ಜಿನ ಕಡೆ ತಿರುಗಿ, “ನೀಲು, ನಿಮ್ಮಪ್ಪಗ ಹೇಳು, ರೊಟ್ಟಿ ಆರಾಕತ್ತಾವು” ಅನ್ನುತ್ತಾರೆ. ನೀಲು ನನ್ನ ಕಡೆ ತಿರುಗಿ “ರೋಟಿ ಈಸ್ ಗೆಟಿಂಗ್ ಕೋಲ್ಡ್” ಅನ್ನುತ್ತಾಳೆ. ಫ್ರಿಜ್ಜಿಗೂ ನನಗೂ ನಡುವೆ ಮೂರು ಹೆಜ್ಜೆ.

ಅನಿಕೇತ ಇದನ್ನು ನೋಡಿ ನಗುತ್ತಾನೆ. ಅವನ ಜೊತೆ ಅತ್ತೆ ಮಾತಾಡುತ್ತಾರೆ, ಅವನೇ ರೂಢಿ ಮಾಡಿಸಿದ್ದಾನೆ. ನನಗೆ ಹಳೆಯ ಪದ್ಧತಿಯೇ ಬೇಕು. ಈ ದೇಶದಲ್ಲಿ ಮರ್ಯಾದೆ ಉಳಿಸಿಕೊಂಡವರು ಅವರೊಬ್ಬರೇ. ಹಿರಿ ಅಳಿಯ ಅಂದರೆ ಏನು ಅಂತ ಅವರಿಗೆ ಗೊತ್ತು.

ಮಾರ್ಚ್ 19, ಬುಧವಾರ

ಹೋಟೆಲು ನೋಡಿ ಇಟ್ಟಿದ್ದೆ, ಬೆಟ್ಟದ ಮೇಲಿನ ಹಳ್ಳಿಯಲ್ಲಿ. ಹತ್ತು ದಿನ ಹುಡುಕಿದ್ದು. ರಾತ್ರಿ ಊಟಕ್ಕೆ ಕೂತಾಗ ಶಿವಾನಿ, “ಬಂದರಿನ ಹತ್ತರ ತಗೊಂಡ್ರ ಅವ್ವಗ ಸಲೀಸ ಆಗ್ತದ, ಅಲ್ಲೇನ್ರೀ?” ಎಂದಳು. ಅಷ್ಟೇ ಅಂದಿದ್ದು, ನಿಜ. ಆದರೆ ಅಂದ ರೀತಿ ಹೇಗಿತ್ತು ಅಂದರೆ, ನಾನು ಅತ್ತೆಯ ಮೊಣಕಾಲಿನ ಬಗ್ಗೆ ಯೋಚನೆಯನ್ನೇ ಮಾಡಿಲ್ಲ ಎಂಬಂತೆ.

ತಟ್ಟೆ ಗೋಡೆಗೆ ಹೋಯಿತು. ಗೋಡೆಯ ಹಲಗೆ ಒಳಕ್ಕೆ ಕುಸಿಯಿತು. ಇಲ್ಲಿನ ಗೋಡೆಗಳು ಹಪ್ಪಳ. ತಟ್ಟೆ ವಾಪಸ್ ಪುಟಿದು ಅವಳ ಪಾದಕ್ಕೆ ಬಿದ್ದದ್ದು ನನ್ನ ತಪ್ಪಲ್ಲ.

ಕೆಳಗಿನ ಮನೆಯ ನವೀದ್ ಬಾಗಿಲು ತಟ್ಟಿದ. ಮೈಸೂರಿನವನು, ಒಳ್ಳೆಯ ಮನುಷ್ಯ, ವಾರಾಂತ್ಯದಲ್ಲಿ ಮನೆ ಹತ್ತಿರದ ಕೆರೆಯಂಥ ಲಗೂನಿನ ದಂಡೆಯಲ್ಲಿ ಒಟ್ಟಿಗೆ ನಡೆಯುತ್ತೇವೆ. “ಕಿರಣ್ ಭಾಯ್, ಏನೋ ಬಿದ್ದಂಗಾಯ್ತು. ಖಾಲಿದಾ ಗಾಬ್ರಿಯಾಗ್ಬಿಟ್ಳು” ಎಂದ. ಖಾಲಿದಾ ಅವನ ಹೆಂಡತಿ. ಕುಕ್ಕರು ಬಿತ್ತು ಎಂದೆ. ಶಿವಾನಿ ನನ್ನ ಹಿಂದೆ ನಿಂತು, “ಹೌದ್ರೀ, ಕುಕ್ಕರು” ಎಂದಳು. ಅವಳ ಕಾಲುಚೀಲ ಕೆಂಪಾಗಿತ್ತು. ಅವನು ಅದನ್ನು ನೋಡಿದ ಅನಿಸುತ್ತದೆ.

ಗೋಡೆಯ ಗುಂಡಿಯ ಮೇಲೆ ಅವಳೇ ಕ್ಯಾಲೆಂಡರು ತೂಗುಹಾಕಿದಳು. ಹೋಟೆಲು ಬಂದರಿನ ಹತ್ತಿರವೇ ಬುಕ್ ಮಾಡಿದೆ. ನಾನು ಹಟಮಾರಿ ಅಲ್ಲ.

ಮಾರ್ಚ್ 30, ಯುಗಾದಿ

ಮುರಿದೆ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಸರಟೋಗಾದಲ್ಲಿ ಹಬ್ಬ. ಬೇವುಬೆಲ್ಲ ಆಯಿತು. ಅತ್ತೆ ಊರಿಂದ ತಂದ ಆಹೇರಿನ ಬಟ್ಟೆ ಕೊಡಲು ಕೂತರು. ನಮ್ಮಲ್ಲಿ ಬಟ್ಟೆ ಮೊದಲು ಹಿರಿ ಅಳಿಯನಿಗೆ ಕೊಡುವುದು, ಅದರಲ್ಲಿ ಎರಡು ಮಾತಿಲ್ಲ. ಅತ್ತೆ ಸೆರಗಿನೊಳಗಿಂದ ಕೈ ಚಾಚಿ ತಟ್ಟೆಯನ್ನು ನೇರ ಅನಿಕೇತನ ಮುಂದಿಟ್ಟರು. ಅನಿಕೇತ ತಗೊಂಡ. ತಗೊಂಡು, ಅಂಗಿಯನ್ನು ಎದೆಗೆ ಹಿಡಿದು, “ಸೈಜ್ ಪರ್ಫೆಕ್ಟ್ ಅಮ್ಮಾ” ಎಂದ.

ಕೊಡುವವರು ಮರೆತಿರಬಹುದು. ತಗೊಳ್ಳುವವನಿಗೆ ಗೊತ್ತಿರಬೇಡವೇ? ನಾನು ನಗುತ್ತಲೇ ಕೇಳಿದೆ. “ಅಯ್ಯೋ ಕಿರಣ್, ಇದೆಲ್ಲಾ ಇನ್ನೂ ಇಟ್ಕೊಂಡಿದ್ದೀರಾ” ಎಂದ. ಆಮೇಲೆ, ಮಾತು ಬದಲಿಸಲು ಇರಬೇಕು, ನಾಕ್ಸೋಸಿನ ಹೋಟೆಲಿನಲ್ಲಿ ಸಮುದ್ರದ ಕಡೆಯ ಕೋಣೆಯನ್ನು ತನ್ನ ಹೆಸರಿಗೆ ಬದಲಾಯಿಸಿದ್ದಾಗಿ ಹೇಳಿದ, ಹಿಂಬದಿಯದು ನಮಗಂತೆ. ಅದರಲ್ಲಿ ಅಡುಗೆಮನೆ ಇದೆಯಂತೆ, ನಮಗೆ ಅನುಕೂಲವಂತೆ.

ಒಂದೇ ಏಟು. ಮೂಳೆ ಮುರಿಯುವುದು ಬೆರಳಿಗೆ ಗೊತ್ತಾಗುತ್ತದೆ. ಅವನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಮೇಲೆ ಕೂತು ಇನ್ನೆರಡು ಕೊಟ್ಟೆ, ಅಂಗಿ ಅವನ ಕೈಯಲ್ಲೇ ಇತ್ತು. ಹೋಳಿಗೆಯ ತಟ್ಟೆಯಲ್ಲೆಲ್ಲ ರಕ್ತ. ಕಾವ್ಯಾ ನನ್ನ ಕೂದಲು ಹಿಡಿದು ಎಳೆದಳು, ಆಮೇಲೆ ಫೋನು ಎತ್ತಿಕೊಂಡಳು. ಶಿವಾನಿ ಅವಳ ಕೈಯಿಂದ ಫೋನು ಕಿತ್ತುಕೊಂಡಳು.

“ಬ್ಯಾಡ ಕಾವ್ಯಾ. ಕೇಸ್ ಆದ್ರ ಗ್ರೀನ್ ಕಾರ್ಡ್ ಹೋಗ್ತದ. ನಾನು ಇವರ ವೀಸಾದ ಮ್ಯಾಲೇ ಅದೀನಿ.”

“ಹೋಗ್ಲಿ ಬಿಡಕ್ಕಾ. ನೀ ಎಷ್ಟಂತ ಮುಚ್ಚಿಡ್ತಿ?”

ಏನನ್ನು ಮುಚ್ಚಿಡುವುದು ಎಂದು ನನಗೆ ಅರ್ಥವಾಗಲಿಲ್ಲ. ಕಡೆಗೆ ಅನಿಕೇತನೇ ಮೂಗಿಗೆ ಟವೆಲು ಒತ್ತಿಕೊಂಡು, ಫೋನು ಬೇಡ ಎಂದು ಕೈಯಾಡಿಸಿದ. ದವಾಖಾನೆಯಲ್ಲಿ ಗ್ಯಾರೇಜಿನ ಬಾಗಿಲು ಬಡಿಯಿತು ಎಂದು ಹೇಳಿದನಂತೆ. ಅಷ್ಟರ ಮಟ್ಟಿಗೆ ಸಭ್ಯ.

ನೀಲು ಮೇಜಿನ ಕೆಳಗಿದ್ದಳು. ಎಷ್ಟು ಕರೆದರೂ ಬರಲಿಲ್ಲ. ಅತ್ತೆ ತಾವೇ ಬಗ್ಗಿ, ಮೊಣಕಾಲೂರಿ, ಅವಳನ್ನು ಎಳೆದುಕೊಂಡರು. ನನ್ನ ಅಂಗಿಯ ತಟ್ಟೆ ಹಾಗೇ ಉಳಿಯಿತು.

ಏಪ್ರಿಲ್ 3, ಗುರುವಾರ

ಪ್ರವಾಸ ನಿಂತಿಲ್ಲ. ಅಕ್ಕತಂಗಿಯರು ದಿನಾ ಫೋನಿನಲ್ಲಿ ಪಿಸುಮಾತಿನಲ್ಲಿ ಅದನ್ನೇ ಮಾತಾಡುತ್ತಾರೆ, ನಾನು ಹೋದರೆ ಇಡುತ್ತಾರೆ. ಹೆಂಗಸರಿಗೆ ಬಟ್ಟೆಬರೆಯ ಚಿಂತೆ.

ಮನೆಗೆ ಒಂದು ಶಿಸ್ತು ಬಂದಿದೆ. ನೀಲು ಶೂಗಳನ್ನು ಗೋಡೆಗೆ ನೇರ ಜೋಡಿಸುತ್ತಾಳೆ. ಏನು ಹೇಳಿದರೂ “ಓಕೆ ಅಪ್ಪಾ”. ಮೊದಲು ಹತ್ತು ಪ್ರಶ್ನೆ ಕೇಳುತ್ತಿದ್ದವಳು. ಯಾರೂ ಜೋರಾಗಿ ಮಾತಾಡುವುದಿಲ್ಲ, ಟಿವಿ ಹಚ್ಚುವುದಿಲ್ಲ. ನಾನು ಎದ್ದು ನಿಂತರೆ ಅವರೂ ಎದ್ದು ನಿಲ್ಲುತ್ತಾರೆ. ಮನೆಯಿಂದ ಕೆಲಸ ಮಾಡುವ ದಿನ ಬಹಳ ಅನುಕೂಲ.

ಏಪ್ರಿಲ್ 11, ಶುಕ್ರವಾರ

ಹಡಗಿನ ವಿಷಯ. ವೇಗದ್ದು ಎರಡು ತಾಸು ಬೇಗ ಮುಟ್ಟಿಸುತ್ತದೆ, ನಿಧಾನದ್ದು ಅಲುಗಾಡುವುದಿಲ್ಲ. “ವೇಗದ್ದರಾಗ ಅವ್ವಗ ವಾಂತಿ ಆಗ್ತದರೀ” ಎಂದಳು ಶಿವಾನಿ. ಅವ್ವ, ಅವ್ವ, ಅವ್ವ. ಶಿವಾನಿಗೆ ಕೈ ತಗುಲಿತು. ಕೆನ್ನೆಗೆ, ಮತ್ತೆ ಕಿವಿಗೆ. ಅವಳು ಸಿಂಕಿನ ಅಂಚು ಹಿಡಿದುಕೊಂಡಳು, ಅದಕ್ಕೇ ಬೀಳಲಿಲ್ಲ.

ಅವಳ ಕಿವಿಯಲ್ಲಿ ಇನ್ನೂ ಗುಂಯ್ ಅನ್ನುತ್ತಿದೆಯಂತೆ. ಸಂಜೆ ನಿಧಾನದ ಹಡಗನ್ನೇ ಬುಕ್ ಮಾಡಿದೆ. ಅವಳು ಥ್ಯಾಂಕ್ಸ್ ಎಂದಳು. ಹಬ್ಬದಿಂದ ನಮ್ಮಲ್ಲೇ ಇರುವ ಅತ್ತೆ ಅಡುಗೆಮನೆಯ ಮೂಲೆಯಲ್ಲಿ ಸೆರಗು ಮುಂದಕ್ಕೆಳೆದುಕೊಂಡು ನಿಂತಿದ್ದರು. ಮುಖ ಕಾಣಲಿಲ್ಲ. ನೋಡಿಯೂ ಒಂದು ಮಾತಾಡಲಿಲ್ಲ. ಅದಕ್ಕೇ ಅವರನ್ನು ನಾನು ಗೌರವಿಸುವುದು.

ಏಪ್ರಿಲ್ 20, ಭಾನುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ನಿನ್ನೆ. ಅತ್ತೆ ರೊಟ್ಟಿ ಮಾಡುತ್ತಿದ್ದರು. ನಾನು ನೀಲೂಗೆ ಸಮುದ್ರದ ಫೋಟೋ ತೋರಿಸುತ್ತಿದ್ದೆ. ಈಜು ಕಲಿಸುತ್ತೇನೆ ಎಂದೆ. ಅವಳು ನೆಲ ನೋಡಿಕೊಂಡು, “ಐ ಡೋಂಟ್ ವಾಂಟ್ ಟು ಗೋ ವಿತ್ ಯೂ” ಎಂದಳು.

ಕೆನ್ನೆಗೆ ಹೊಡೆದೆ. ಕುರ್ಚಿಗೆ ಬಡಿದು ಬಿದ್ದಳು. ಎದ್ದೇಳು ಎಂದು ಮತ್ತೆ ಕೈ ಎತ್ತಿದೆ. ಕೈ ಇಳಿಯಲಿಲ್ಲ.

ಹಂಚು. ಊರಿಂದ ಹೊತ್ತು ತಂದ ಕಬ್ಬಿಣದ್ದು. ಒಲೆಯ ಮೇಲಿದ್ದದ್ದನ್ನು ಅತ್ತೆ ಸೀರೆಯ ಸೆರಗಿನಲ್ಲಿ ಹಿಡಿದು ಬೀಸಿದ್ದರು. ಮಣಿಕಟ್ಟಿಗೂ ಮೊಣಕೈಗೂ ನಡುವೆ. ಮೂಳೆಯ ಸದ್ದು ನನಗೆ ಪರಿಚಯವಿತ್ತು. ಆಮೇಲೆ ಚರ್ಮ ಸುಟ್ಟ ವಾಸನೆ.

ಸೆರಗು ಹಂಚಿಗೆ ಹೋಗಿತ್ತು. ಅತ್ತೆಯ ತಲೆ ಬರಿದಾಗಿತ್ತು. ಅವರ ಕೂದಲು ಪೂರಾ ಬಿಳಿ ಎಂದು ನಾನು ಮೊದಲ ಸಲ ನೋಡಿದೆ. ನೇರ ನನ್ನ ಕಣ್ಣಿಗೆ ಕಣ್ಣಿಟ್ಟು ಮಾತಾಡಿದರು.

“ಕೂಸಿನ ಮ್ಯಾಲೆ ಇನ್ನೊಮ್ಮೆ ಕೈ ಎತ್ತಿದಿ ಅಂದ್ರ ಆ ಕೈನೂ ಮುರೀತೀನಿ. ಇಷ್ಟ ದಿನ ಮಾರಿ ಮುಚ್ಕೊಂಡಿದ್ದು ನಿನಗ ಮರ್ಯಾದಿ ಕೊಡಾಕಲ್ಲ. ನಿನ್ನ ಮಾರಿ ನೋಡಬಾರದಂತ. ಹಬ್ಬದಾಗ ಅಂಗಿ ಅವಗ ಕೊಟ್ಟಿದ್ದೂ ಮರೆತಲ್ಲ. ಹೋಗು, ದವಾಖಾನಿಗೆ ಹೋಗು.”

ನಿನಗ, ನಿನ್ನ ಎಂದರು. ನನಗೆ.

ನವೀದ್ ಕರೆದುಕೊಂಡು ಹೋದ. ಡಾಕ್ಟರು ಕೇಳಿದರು. ಮೆಟ್ಟಿಲಲ್ಲಿ ಬಿದ್ದೆ ಎಂದೆ. ಸುಟ್ಟಿದ್ದು? ಎದ್ದು ಒಳಗೆ ಬಂದು ಒಲೆಯ ಮೇಲೆ ಕೈ ಊರಿದೆ ಎಂದೆ. ನವೀದನ ಕಡೆ ನೋಡಿದರು. ಅವನು ಹೌದು ಎಂದ.

ಪ್ಲಾಸ್ಟರು ಮೊಣಕೈ ದಾಟಿದೆ. ನೋವು ಬಹಳ. ಇನ್ನು ಬರೆಯಲಾರೆ.

ಏಪ್ರಿಲ್ 28, ಸೋಮವಾರ

ಮುದುಕಿಯನ್ನು ಕೊಲ್ಲಬೇಕು ಅನಿಸುತ್ತದೆ. ದಿಂಬು ಸಾಕು. ಹಂಚನ್ನು ಲಗೂನಿಗೆ ಎಸೆಯಬೇಕು. ಎಡಗೈಯಲ್ಲಿ ಅದನ್ನು ಎತ್ತಲೂ ಆಗುವುದಿಲ್ಲ, ನೋಡಿದೆ.

ಈಗ ಅವರು ನನ್ನ ಎದುರು ತಲೆ ಮುಚ್ಚುವುದಿಲ್ಲ. “ಉಣ್ಣು” ಅನ್ನುತ್ತಾರೆ. “ಏಳು” ಅನ್ನುತ್ತಾರೆ. ಫ್ರಿಜ್ಜಿಗೆ ಕೆಲಸ ತಪ್ಪಿತು.

ನೀರು ಬೇಕಾದರೆ ಮೊದಲು ಪಡಸಾಲೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ. ಬಳೆಯ ಸದ್ದು ಬಂದರೆ ಅಡುಗೆಮನೆಯಲ್ಲಿದ್ದಾರೆ ಎಂದು ಅರ್ಥ. ಹೋಗುವವರೆಗೆ ಕಾಯುತ್ತೇನೆ. ಪಾತ್ರೆ ಜೋರಾಗಿ ಇಟ್ಟರೆ ಕೋಣೆಗೆ ವಾಪಸ್ ಹೋಗುತ್ತೇನೆ. ನನ್ನದೇ ಮನೆ, ಬಾಡಿಗೆ ಕಟ್ಟುವವನು ನಾನು. ಹೀಗೆ ಬದುಕಲು ಯಾರಿಂದಾಗುತ್ತದೆ?

ಮೇ 6, ಮಂಗಳವಾರ

ಗ್ರೀಸಿನ ವೀಸಾಕ್ಕೆ ಇವತ್ತು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಪಾಯಿಂಟ್‌ಮೆಂಟು. ರಜೆ ಹಾಕಿ, ಒಂದೇ ಕೈಯಲ್ಲಿ ಹೇಗೋ ಅಂಗಿ ತೊಟ್ಟು ಸೋಫಾದ ಮೇಲೆ ಕೂತಿದ್ದೆ. ಶಿವಾನಿ ತನ್ನ ಪಾಸ್‌ಪೋರ್ಟು ಮಾತ್ರ ಚೀಲಕ್ಕೆ ಹಾಕಿಕೊಂಡಳು. ನೀಲು ಇಲ್ಲೇ ಹುಟ್ಟಿದವಳು, ಅವಳಿಗೆ ವೀಸಾ ಬೇಕಿಲ್ಲ. ನನ್ನದೆಲ್ಲಿ ಎಂದು ಕೇಳಿದೆ.

“ನೀವು ಬರೂದಿಲ್ಲ” ಎಂದಳು.

ಚೀಲದ ಜಿಪ್ಪು ಎಳೆದಳು. “ನಾವೆಲ್ಲಾ ಹೋಗ್ತೀವಿ. ನಾವಿಲ್ಲದ ಆ ವಾರದಾಗ ನೀವು ಬ್ಯಾರೆ ಮನಿ ನೋಡ್ಕೊಂಡು ಹೋಗ್ರಿ. ನಾವು ತಿರುಗಿ ಬರೂದ್ರಾಗ ನಿಮ್ಮ ಸಾಮಾನು ಇಲ್ಲಿರಬಾರದು.”

“ಹೋಗಲ್ಲ ಅಂದ್ರ?”

“ಪೊಲೀಸ್ರಿಗೆ ಎಲ್ಲಾ ಹೇಳ್ತೀನಿ. ಕಿವಿದು, ನೀಲೂದು, ಅನಿಕೇತಂದು. ವೀಸಾ ಹೋದ್ರ ಹೋಗ್ಲಿ. ಧಾರವಾಡದಾಗ ನಮ್ಮವ್ವಗ ಮನಿ ಅದ.”

ಎಡಗೈಯಲ್ಲಿ ಕುರ್ಚಿ ಎತ್ತಿ ಎಸೆದೆ. ಎರಡು ಅಡಿ ದೂರ ಹೋಗಿ ಬಿತ್ತು. ಶಿವಾನಿ ಅದನ್ನು ನೋಡಿದಳು, ಪ್ಲಾಸ್ಟರನ್ನು ನೋಡಿದಳು, ಕಾರಿನ ಕೀಲಿ ತಗೊಂಡು ಹೋದಳು. ಕುರ್ಚಿಯನ್ನು ನಾನೇ ಎತ್ತಿ ಇಡಬೇಕಾಯಿತು.

ನಾಕ್ಸೋಸ್ ಹುಡುಕಿದವನು ನಾನು. ಹೋಟೆಲು ನನ್ನದು, ಹಡಗು ನನ್ನದು, ಯಾವ ದಿನ ಯಾವ ದಂಡೆ ಎಂದು ಕೂತು ಬರೆದವನು ನಾನು. ನನ್ನನ್ನು ಹೊರಹಾಕಲು ನನ್ನದೇ ಪ್ರವಾಸ.

ಮೇ 17, ಶನಿವಾರ

ಸ್ಯಾನ್ ಮಟೇಯೋ ಸೇತುವೆಯಾಚೆ, ಹೇವರ್ಡಿನಲ್ಲಿ ಒಂದು ಸ್ಟುಡಿಯೋ ಮನೆ ನೋಡಿ ಬಂದೆ. ಒಂದು ಕೋಣೆ, ಒಂದು ಒಲೆ. ಬಚ್ಚಲಿನ ಕನ್ನಡಿಯಲ್ಲಿ ನನ್ನ ಮುಖ ಕಂಡಿತು. ಎಡಗೈಯಿಂದ ಗುದ್ದಿದೆ. ತೋರಿಸಲು ಬಂದಿದ್ದ ಹುಡುಗಿ ಓಡಿಹೋದಳು.

ಎರಡೂ ಕೈ ಹೋದವು. ನವೀದನೇ ಗಾಜಿನ ಚೂರು ತೆಗೆದು ಬಟ್ಟೆ ಕಟ್ಟಿದ. ಅವನ ಮನೆಯಲ್ಲಿ. ಖಾಲಿದಾ ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು, ಪ್ರತಿ ಸಲ ಚಹಾ ಕೊಡುತ್ತಿದ್ದವರು.

“ಕಿರಣ್ ಭಾಯ್, ಒಂದ್ ಮಾತು” ಎಂದ ನವೀದ್, ತಲೆ ಎತ್ತದೆ. “ಆಸ್ಪತ್ರೇಲಿ ನಾನೂ ಸುಳ್ಳು ಹೇಳ್ದೆ. ಅವತ್ತಿಂದ ಖಾಲಿದಾ ನನ್ ಜೊತೆ ಸರಿಯಾಗಿ ಮಾತಾಡ್ತಿಲ್ಲ. ಆ ಮಗು ಅಳೋದು ನಮ್ ಮನೆಗೆ ಕೇಳ್ಸತ್ತೆ. ಇನ್ಮೇಲೆ ಕೇಳ್ಸಿದ್ರೆ 911ಗೆ ಫೋನ್ ಮಾಡಿ ಪೊಲೀಸ್ ಕರೆಸೋನು ನಾನೇ. ನೀವು ಬೇಜಾರ್ ಮಾಡ್ಕೊಂಡ್ರೂ ಸರಿ.”

ನನ್ನ ಮಗಳು ಅಳುವುದು ನನಗೆ ಯಾವತ್ತೂ ಕೇಳಿಸಿಲ್ಲ. ಅವನು ಕೆಳಗಿನ ಮನೆಯವನು, ಅವನಿಗೆ ಹೇಗೆ ಕೇಳಿಸುತ್ತದೆ? ಜಗಳ ಆಡಬೇಕಿತ್ತು. ಬಟ್ಟೆ ಕಟ್ಟಿ ಮುಗಿಸಲಿ ಎಂದು ಕಾದೆ. ಆಮೇಲೆ ಮರೆತೆ.

ಮೇ 25, ಭಾನುವಾರ

ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ 21ರ ಸುತ್ತ ಇದ್ದ ಪ್ರವಾಸದ ಗುರುತು ಹೋಗಿದೆ. ಈಗ ಜೂನ್ 7. ಕೇಳಿದರೆ ಶಿವಾನಿ, “ಬದಲಿ ಮಾಡೀವಿ” ಎಂದಷ್ಟೇ ಅಂದಳು. 7ಕ್ಕೆ ನೀಲೂಗೆ ಶಾಲೆ ಇನ್ನೂ ಮುಗಿದಿರುವುದಿಲ್ಲ. ಶಾಲೆಯ ಕೊನೆಯ ವಾರ ಅಂದರೆ ಅವಳಿಗೆ ಪ್ರಾಣ, ಪಾರ್ಟಿ, ಗೆಳತಿಯರು. ಟಿಕೆಟು ಬದಲಿಸಲು ಎಷ್ಟು ಹೋಗಿರಬೇಕು. ದಡ್ಡರು. ಒಂದು ಪ್ರವಾಸ ಮಾಡಲು ಬರುವುದಿಲ್ಲ.

ಸಂಜೆ ಅನಿಕೇತ ಸೂಟ್‌ಕೇಸು ಕೊಡಲು ಬಂದ. ಯುಗಾದಿಯ ನಂತರ ಎದುರಾಗಿದ್ದು ಇದೇ ಮೊದಲು. ಮೂಗು ಸ್ವಲ್ಪ ಎಡಕ್ಕೆ ವಾಲಿದೆ. ಗ್ಯಾರೇಜಿನಲ್ಲಿ ಅವನನ್ನು ತಡೆದು, ಇದು ಯಾವ ಪ್ಲಾನಿಂಗು, ಮಗುವಿನ ಶಾಲೆ ತಪ್ಪಿಸಿ ಹೋಗುವಂಥ ಅವಸರ ಏನಿತ್ತು ಎಂದು ಕೇಳಿದೆ. ಕೇಳುವಾಗ ಕೈಯಲ್ಲಿದ್ದ ಚಹಾದ ಕಪ್ಪು ಮೇಲಕ್ಕೆತ್ತಿದೆನೇನೋ, ಕುಡಿಯಲು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಆರಡಿ ಎತ್ತರದ ಗಂಡಸು. ನಾನು ಕಪ್ಪು ಕೆಳಗಿಟ್ಟೆ. ಅವನು ಕೈ ತೆಗೆದ. ನಾಚಿಕೆಯಾಗಿತ್ತು ಅವನಿಗೆ.

“ನಿಮ್ ಪ್ಲಾಸ್ಟರ್ ಯಾವಾಗ ತೆಗೀತಾರೆ ಕಿರಣ್?” ಎಂದ.

“ಜೂನ್ ಎರಡನೇ ವಾರ ಅಂದಿದಾರ. ಯಾಕ?”

“ಅದಕ್ಕೇ. ಅದನ್ನ ತೆಗೆಯೋಕ್ ಮುಂಚೆ ಹೊರಡೋಣ ಅಂತ ನೀಲು ಕೇಳಿದ್ಳು. ಕಾವ್ಯಾ ಹತ್ರ ಬಂದು ಕೇಳಿದ್ಳು. ಪಾರ್ಟಿ ಬೇಡ ಅಂದ್ಳು. ಇಲ್ಲ ಅನ್ನೋಕೆ ಯಾರಿಗೂ ಆಗ್ಲಿಲ್ಲ.”

ಹೊಡೆಯಬೇಕೆನಿಸಿತು. ಯಾರನ್ನು ಎಂದು ಗೊತ್ತಾಗಲಿಲ್ಲ. ಅವನು ಹೋದ ಮೇಲೂ ಗ್ಯಾರೇಜಿನಲ್ಲೇ ನಿಂತಿದ್ದೆ. ಸೂಟ್‌ಕೇಸನ್ನು ಎಡಗೈಯಲ್ಲಿ ಮೇಲಕ್ಕೆ ತಂದು ಬಾಗಿಲ ಹತ್ತಿರ ಇಟ್ಟೆ.

ಮೇ 31, ಶನಿವಾರ

ಹೇವರ್ಡಿನ ಮನೆಗೆ ಸಹಿ ಹಾಕಿದೆ. ಕನ್ನಡಿ ಹೊಸದು.

ಜೂನ್ 5, ಗುರುವಾರ

ಮೂಳೆ ಡಾಕ್ಟರ ಹತ್ತಿರ ಹೋಗಿದ್ದೆ. ಎಕ್ಸ್‌ರೇ ತೆಗೆದರು. ಚೆನ್ನಾಗಿ ಕೂಡಿದೆ, ಮುಂದಿನ ವಾರ ಮತ್ತೆ ಬರುವುದು ಯಾಕೆ, ಇವತ್ತೇ ಬಿಚ್ಚಿಬಿಡೋಣ ಎಂದರು. ಒಳ್ಳೆಯ ಸುದ್ದಿ ಎಂಬ ಹಾಗೆ ಹೇಳಿದರು. ನಾನೂ ನಕ್ಕೆ. ಒಳಗೆ ತುರಿಕೆ ಹೇಳಲಾಗದಷ್ಟಿದೆ, ಮಲಗಲು ಆಗುವುದಿಲ್ಲ, ಸ್ನಾನ ಮಾಡಲು ಆಗುವುದಿಲ್ಲ.

ಸಹಾಯಕಿ ಸಣ್ಣ ಗರಗಸದ ಯಂತ್ರ ತಂದಳು. ಕೈಯನ್ನು ಮೇಜಿನ ಮೇಲೆ ಇಡಲು ಹೇಳಿದಳು. ಇಟ್ಟೆ. ಯಂತ್ರ ಶುರುವಾಯಿತು.

ಬೇಡ ಎಂದೆ.

ನೋಯುವುದಿಲ್ಲ, ಚರ್ಮಕ್ಕೆ ತಾಗುವುದಿಲ್ಲ ಎಂದಳು. ಅದಕ್ಕಲ್ಲ ಎಂದೆ. ಯಂತ್ರ ನಿಲ್ಲಿಸಿ, ಮತ್ತೇನು ಎಂದು ನೋಡಿದಳು. ಏನು ಹೇಳಬೇಕೋ ನನಗೂ ಗೊತ್ತಿರಲಿಲ್ಲ. ನನ್ನ ಮಗಳು ಶನಿವಾರ ಪ್ರವಾಸಕ್ಕೆ ಹೋಗುತ್ತಾಳೆ, ಅಲ್ಲಿವರೆಗೆ ಇರಲಿ ಎಂದೆ.

“ಓ, ಅವಳು ಇದನ್ನು ನೋಡಬೇಕಾ?” ಎಂದು ಕೇಳಿದಳು, ಪ್ರೀತಿಯಿಂದ. ಮಕ್ಕಳು ಪ್ಲಾಸ್ಟರಿನ ಮೇಲೆ ಹೆಸರು ಬರೆಯುತ್ತಾರಲ್ಲ, ಅಂಥದ್ದೇನೋ ಅಂದುಕೊಂಡಿರಬೇಕು.

ಹೌದು ಎಂದೆ.

ಬಸ್ಸಿನಲ್ಲಿ ಮನೆಗೆ ಬಂದೆ. ನೀಲು ಬಾಗಿಲು ತೆಗೆದಳು. ಡಾಕ್ಟರ ಹತ್ತಿರ ಹೋಗಿದ್ದು ಅವಳಿಗೆ ಗೊತ್ತಿತ್ತು. ಮೊದಲು ಕೈ ನೋಡಿದಳು. ಬೆರಳಿನಿಂದ ಮೊಣಕೈ ದಾಟುವವರೆಗೂ ನೋಡಿದಳು. ಬಿಗಿದಿದ್ದ ಅವಳ ಹೆಗಲು ಸಡಿಲವಾಯಿತು. ಆಮೇಲೆ ನನ್ನ ಮುಖ ನೋಡಿದಳು.

“ಅಪ್ಪಾ, ನೀರು ಬೇಕಾ?” ಎಂದು ಕೇಳಿದಳು. ಕನ್ನಡದಲ್ಲೇ ಕೇಳಿದಳು.